ತೇಗದ ಮುಖ, ಹೊಟ್ಟಿನ ಮೈ

ಬೇಸಗೆ ಬಂತೆಂದರೆ ರಟ್ಟೀಹಳ್ಳಿ, ಹಿರೇಕೆರೂರು, ಹಾನಗಲ್ಲು ಸೀಮೆಯ ರಸ್ತೆಗಳಲ್ಲಿ ಮದುವೆಯ ಸಾಮಾನು ಹೊತ್ತ ಟೆಂಪೋಗಳು ಓಡಾಡತೊಡಗುತ್ತವೆ. ಮಂಚ, ಕಪಾಟು, ನಿಲುಗನ್ನಡಿಯ ಮೇಜು, ಮೇಲೆ ಬಿಗಿದು ಕಟ್ಟಿದ ಹಾಸಿಗೆ. ಬೀಗರ ಮನೆಯ ಅಂಗಳದಲ್ಲಿ ಅವನ್ನು ಇಳಿಸಿದಾಗ ನೆರೆದವರೆಲ್ಲ ಕೈಯಾಡಿಸಿ ನೋಡುತ್ತಾರೆ. ಕಂದು ಬಣ್ಣದ ಹೊಳಪು, ಅಲೆಯಲೆಯಾದ ಎಳೆ, ಅಲ್ಲಲ್ಲಿ ಒಂದು ಗಂಟು. ‘ಸಾಗವಾನಿ ಇದ್ದಂಗೈತಿ’ ಎಂದು ಹಿರಿಯರೊಬ್ಬರು ತಲೆದೂಗುತ್ತಾರೆ. ಎರಡು ಮಳೆಗಾಲ ಕಳೆದ ಮೇಲೆ ಅದೇ ಕಪಾಟಿನ ಮೂಲೆಯೊಂದು ನೀರು ಕುಡಿದು ಉಬ್ಬುತ್ತದೆ. ಮಕ್ಕಳು ಉಗುರಿನಿಂದ ಎಬ್ಬಿಸಿದರೆ ಮೇಲಿನ ಪೊರೆ ಏಳುತ್ತದೆ. ಅದರಡಿಯಲ್ಲಿ ಕಾಣುವುದು ಅಂಟಿನಲ್ಲಿ ಕಲಸಿ ಒತ್ತಿದ ಕಟ್ಟಿಗೆಯ ಹೊಟ್ಟು. ಇಷ್ಟು ದಿನ ಮನೆಯವರು ಕೈಯಾಡಿಸಿದ್ದು ತೇಗದ ಚಿತ್ರವನ್ನು ಮುದ್ರಿಸಿದ ಕಾಗದದ ಮೇಲೆ.

ಇದನ್ನು ಕೇವಲ ಗ್ರಾಹಕನ ನಷ್ಟವೆಂದು ತಳ್ಳಿಹಾಕುವುದು ಸುಲಭ. ಆದರೆ ಕಾಡಿನ ಅಂಚಿನಲ್ಲಿ ಬದುಕುವ ಜನರ ಮಟ್ಟಿಗೆ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಮರವಲ್ಲದ್ದು ಮರವಾಗಿ ಕಾಣುವುದಕ್ಕೂ, ಕಾಡಲ್ಲದ್ದು ಕಾಡಾಗಿ ಕಾಣುವುದಕ್ಕೂ ಹತ್ತಿರದ ನಂಟಿದೆ. ಆ ನಂಟನ್ನು ಬಿಡಿಸಿ ನೋಡುವ ಅಗತ್ಯ ಇಂದು ಹೆಚ್ಚಾಗಿದೆ.

ಕಣ್ಣು ಮೋಸಹೋಗುವ ಬಗೆ

ಸನ್‌ಮೈಕಾ ಎಂಬ ಒಂದು ಕಂಪನಿಯ ಹೆಸರು ಇಂದು ಎಲ್ಲ ಬಗೆಯ ಲ್ಯಾಮಿನೇಟ್ ಹಾಳೆಗೂ ಸಾಮಾನ್ಯ ಹೆಸರಾಗಿದೆ. ಈ ಹಾಳೆ ತಯಾರಾಗುವ ಕ್ರಮ ಸರಳ. ಕಂದು ಬಣ್ಣದ ಒರಟು ಕಾಗದದ ಹಲವು ಪದರಗಳನ್ನು ಫೀನಾಲ್ ರಾಳದಲ್ಲಿ ಅದ್ದುತ್ತಾರೆ. ಅವುಗಳ ಮೇಲೆ ಮರದ ಎಳೆಗಳನ್ನು ಮುದ್ರಿಸಿದ, ಮೆಲಮೈನ್ ರಾಳದಲ್ಲಿ ಅದ್ದಿದ ಕಾಗದವನ್ನು ಇಟ್ಟು ಬಿಸಿ ಮತ್ತು ಒತ್ತಡದಿಂದ ಒಂದಾಗಿಸುತ್ತಾರೆ. ಸುಮಾರು 1 ಮಿಲಿಮೀಟರ್ ದಪ್ಪದ ಈ ಹಾಳೆ ಪ್ಲೈವುಡ್, ಪಾರ್ಟಿಕಲ್ ಬೋರ್ಡ್ ಅಥವಾ ಎಂ.ಡಿ.ಎಫ್. ಹಲಗೆಯ ಮೇಲೆ ಕೂರುತ್ತದೆ. ಇಂಥ ಹಾಳೆಗಳ ಮೂಲವೂ ಅನುಕರಣೆಯಲ್ಲಿಯೇ ಇದೆ. 1913ರ ಸುಮಾರಿಗೆ ಅಮೆರಿಕದ ಇಬ್ಬರು ತಂತ್ರಜ್ಞರು ವಿದ್ಯುತ್ ಉಪಕರಣಗಳಲ್ಲಿ ಅಭ್ರಕಕ್ಕೆ ಬದಲಾಗಿ ಬಳಸಲು ರಾಳದ ವಸ್ತುವೊಂದನ್ನು ಸಿದ್ಧಪಡಿಸಿದರು. ಅಭ್ರಕದ ಇಂಗ್ಲಿಷ್ ಹೆಸರಾದ ಮೈಕಾದಿಂದಲೇ ಅದು ಫಾರ್ಮೈಕಾ ಆಯಿತು. ಅಭ್ರಕದ ಬದಲಿಗೆ ಹುಟ್ಟಿದ ವಸ್ತು ಕಾಲಕ್ರಮದಲ್ಲಿ ಮರದ ಬದಲಿಯಾಗಿ, ಮನೆಮನೆಯ ಮೇಜಿನ ಮೇಲೆ ಬಂದು ಕುಳಿತಿತು.

ವಸ್ತುವಿನ ಅನುಕರಣೆಯ ಜೊತೆಗೆ ಆಕಾರದ ಭ್ರಮೆಯೂ ಕೆಲಸ ಮಾಡುತ್ತದೆ. ಮುಕ್ಕಾಲು ಅಂಗುಲದ ಹಲಗೆಯ ಅಂಚಿಗೆ ಮಾತ್ರ ಎರಡು ಅಂಗುಲದ ಪಟ್ಟಿ ಹೊಡೆದರೆ ಇಡೀ ಮೇಜು ದಪ್ಪ ದಿಮ್ಮಿಯಿಂದ ಕಡೆದಂತೆ ಕಾಣುತ್ತದೆ. ಕಪಾಟಿನ ಬಾಗಿಲಿಗೆ ಆಳೆತ್ತರದ ಕನ್ನಡಿ ಕೂರಿಸಿದರೆ ಹತ್ತಡಿಯ ಕೋಣೆ ಇಪ್ಪತ್ತಡಿಯಾಗಿ ತೋರುತ್ತದೆ. ಉದ್ದುದ್ದ ಎಳೆಗಳು ಕಪಾಟನ್ನು ಎತ್ತರವಾಗಿಸುತ್ತವೆ, ಅಡ್ಡ ಎಳೆಗಳು ಅಗಲವಾಗಿಸುತ್ತವೆ. ಕಾಲುಗಳನ್ನು ಒಳಕ್ಕೆ ಸರಿಸಿ ಕಪ್ಪು ಬಳಿದರೆ ಮಂಚ ನೆಲದಿಂದ ಮೇಲೆ ತೇಲಿದಂತೆ ಕಾಣುತ್ತದೆ. ತಗಡಿನ ಬಾಗಿಲಿಗೆ ತೇಗದ ಗೆರೆ, ಪ್ಲಾಸ್ಟಿಕ್ ಕುರ್ಚಿಗೆ ಬೆತ್ತದ ಹೆಣಿಗೆ, ನೆಲದ ಟೈಲ್ಸಿಗೆ ಹಲಗೆಯ ಚಿತ್ರ, ಇವೆಲ್ಲ ಇಂದು ಹಳ್ಳಿಯ ಮನೆಗಳಿಗೂ ಹೊಸತಲ್ಲ. ಅನೇಕ ಉದ್ಯಾನಗಳಲ್ಲಿ ಸಿಮೆಂಟನ್ನೇ ಕಡಿದ ಮರದ ಬೊಡ್ಡೆಯ ರೂಪಕ್ಕೆ ತಂದು, ಬಣ್ಣ ಬಳಿದು, ಕೂರುವ ಆಸನ ಮಾಡಿರುತ್ತಾರೆ. ನೆರಳಿಗೆ ನಿಜವಾದ ಮರವಿಲ್ಲದ ಕಡೆಯೂ ಕಡಿದ ಮರದ ಪ್ರತಿಕೃತಿ ಮಾತ್ರ ಸಿಗುತ್ತದೆ.

ಅನುಕರಣೆಯೇ ಅಪರಾಧವಲ್ಲ

ಹಾಗೆಂದು ಅನುಕರಣೆಯನ್ನೆಲ್ಲ ಮೋಸವೆಂದು ಹೀಗಳೆಯುವುದು ಈ ನಾಡಿನ ಕಲೆಯನ್ನೇ ಹೀಗಳೆದಂತೆ. ರಟ್ಟೀಹಳ್ಳಿಯ ಕದಂಬೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ ವಾಸ್ತು ಪರಂಪರೆಗೆ ಸೇರಿದ್ದು. ಆ ಪರಂಪರೆಯ ಶಿಲ್ಪಿಗಳು ಮರವನ್ನು ತಿರುಗಣೆಯಲ್ಲಿ ಕಡೆದಂತೆ ಕಲ್ಲಿನ ಕಂಬಗಳನ್ನು ದುಂಡಗೆ ಕಡೆದು ನುಣುಪು ಮಾಡಿದರು. ಮರದ ಮನೆಯ ಬೋದಿಗೆ, ತೊಲೆಗಳು ಕಲ್ಲಿನಲ್ಲಿ ಮರುಹುಟ್ಟು ಪಡೆದವು. ಬಂಕಾಪುರದ ನಗರೇಶ್ವರ ಗುಡಿಯ ಕಂಬಗಳ ನಡುವೆ ನಿಂತವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಹಂಪಿಯ ವಿಠ್ಠಲ ದೇವಾಲಯದ ಚಾಚುಮಾಡಿನ ತಳಭಾಗದಲ್ಲಿ ಮರದ ಜಂತಿಗಳನ್ನೇ ಹೋಲುವಂತೆ ಕಲ್ಲನ್ನು ಕಂಡರಿಸಲಾಗಿದೆ. ಒಂದೇ ತಲೆಯನ್ನು ಒಂದು ಕಡೆಯಿಂದ ಆನೆಯಾಗಿಯೂ ಮತ್ತೊಂದು ಕಡೆಯಿಂದ ಎತ್ತಾಗಿಯೂ ತೋರಿಸುವ ವೃಷಭಕುಂಜರ ಶಿಲ್ಪವಂತೂ ಕಣ್ಣಿಗೊಂದು ಒಗಟು.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರವನ್ನು ಹುಣಸೆಬೀಜದ ಅಂಟು, ಕಟ್ಟಿಗೆಯ ಹೊಟ್ಟು ಮುಂತಾದವುಗಳ ಮೆತ್ತಿಗೆಯಿಂದ ತಿದ್ದಿ, ಬಣ್ಣ ಹಚ್ಚಿ, ಲೋಹದ ಮೆರುಗು ಕೊಡುತ್ತಾರೆ. ಅಲ್ಲಿಯೂ ಹೊಟ್ಟು ಇದೆ, ಅಂಟು ಇದೆ, ಬಣ್ಣದ ಪೊರೆಯಿದೆ. ಬಯಲಾಟದ ರಾಜನ ಕಿರೀಟ ಹಗುರ ಕಟ್ಟಿಗೆ ಮತ್ತು ಬೇಗಡೆಯದು. ಅದನ್ನು ಬಂಗಾರವೆಂದು ನಂಬಿ ಯಾವ ಪ್ರೇಕ್ಷಕನೂ ಅಡವು ಇಟ್ಟುಕೊಳ್ಳಲು ಹೋಗುವುದಿಲ್ಲ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯಲ್ಲಿ ರೂಪುಗೊಂಡ ಉತ್ಸವ ರಾಕ್ ಗಾರ್ಡನ್‌ನಲ್ಲಿ ಹಳ್ಳಿಯ ಬದುಕೆಲ್ಲ ಪ್ರತಿಮೆಗಳಾಗಿ ನಿಂತಿದೆ. ಜೀವಂತ ಮನುಷ್ಯರೆಂದೇ ತಿಳಿದು ಹತ್ತಿರ ಹೋಗಿ ನಗುವ ಮಕ್ಕಳನ್ನು ಅಲ್ಲಿ ಕಾಣಬಹುದು. ಆ ನಗೆಯಲ್ಲಿಯೇ ವ್ಯತ್ಯಾಸವಿದೆ. ಕಲೆಯ ಭ್ರಮೆ ಕೊನೆಗೆ ತನ್ನನ್ನು ತಾನೇ ಬಿಟ್ಟುಕೊಡುತ್ತದೆ, ನೋಡುವವನ ಕಣ್ಣನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಅಂಗಡಿಯ ಭ್ರಮೆ ಮಾರಾಟ ಮುಗಿಯುವ ತನಕ ಬಾಯಿ ಬಿಡುವುದಿಲ್ಲ.

ಅನುಕರಣೆ ಜೀವ ಉಳಿಸಿದ ಉದಾಹರಣೆಯೂ ಕಣ್ಣ ಮುಂದಿದೆ. ಮೈಸೂರಿನ ಬೀಟೆಮರದ ಕುಸುರಿ ಕೆಲಸದಲ್ಲಿ ಹಿಂದೆ ಆನೆಯ ದಂತವನ್ನು ಕೂರಿಸುತ್ತಿದ್ದರು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986 ಮತ್ತು 1991ರಲ್ಲಿ ಬಂದ ತಿದ್ದುಪಡಿಗಳಿಂದ ದಂತದ ವ್ಯಾಪಾರ ನಿಂತಿತು. ದಂತದ ಜಾಗಕ್ಕೆ ಬಿಳಿಯ ಪ್ಲಾಸ್ಟಿಕ್ಕು ಬಂತು. ಕುಶಲಕರ್ಮಿಯ ಕೈಗೆ ಕೆಲಸ ಉಳಿಯಿತು, ಆನೆಗೆ ದಂತ ಉಳಿಯಿತು. ಆ ಪ್ಲಾಸ್ಟಿಕ್ಕನ್ನು ಯಾರಾದರೂ ದಂತವೆಂದು ಹೇಳಿ ಮಾರಿದರೆ ಮಾತ್ರ ಅದು ಮೋಸ.

ಕಾಡು ಉಳಿಯಿತೆ?

ಇಲ್ಲಿಯೇ ಒಂದು ಗಟ್ಟಿಯಾದ ಆಕ್ಷೇಪ ಎದುರಾಗುತ್ತದೆ. ಪ್ರತಿಯೊಂದು ಮನೆಗೂ ನಿಜವಾದ ತೇಗದ ಮಂಚವೇ ಬೇಕೆಂದರೆ ಸಹ್ಯಾದ್ರಿಯಲ್ಲಿ ಮರ ಉಳಿದೀತೆ? ಕಾಗದದ ತೇಗವೇ ಕಾಡಿನ ತೇಗವನ್ನು ಕಾಯುತ್ತಿಲ್ಲವೆ? ಪರಿಸರದ ಬಗ್ಗೆ ಕಾಳಜಿ ಇರುವವರು ಈ ಪ್ರಶ್ನೆಯನ್ನು ಜಾರಿಸಬಾರದು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ಆದೇಶ, ಅರಣ್ಯದೊಳಗೆ ಅನುಮತಿಯಿಲ್ಲದೆ ನಡೆಯುತ್ತಿದ್ದ ಗರಗಸದ ಗಿರಣಿ, ಪ್ಲೈವುಡ್ ಗಿರಣಿಗಳನ್ನು ನಿಲ್ಲಿಸಿತು. ಆನಂತರ ಪ್ಲೈವುಡ್ ಉದ್ಯಮ ಕಾಡಿನ ಮರವನ್ನು ಬಿಟ್ಟು ರೈತರು ಬೆಳೆದ ಸಿಲ್ವರ್ ಓಕ್, ಹೆಬ್ಬೇವು, ರಬ್ಬರ್, ನೀಲಗಿರಿಗಳತ್ತ ಹೆಚ್ಚು ಹೆಚ್ಚಾಗಿ ತಿರುಗಿತು. ಗರಗಸದ ಹೊಟ್ಟು, ಕಬ್ಬಿನ ಸಿಪ್ಪೆ ಮುಂತಾದ ವ್ಯರ್ಥ ವಸ್ತುಗಳಿಂದ ಹಲಗೆಯಾಗುವುದಾದರೆ ಅದು ಒಳ್ಳೆಯದೇ. ತೆಳುವಾದ ವಿನಿಯರ್ ಸೀಳುವುದರಿಂದ ಒಂದೇ ದಿಮ್ಮಿ ಹತ್ತಾರು ಮೇಜುಗಳಿಗೆ ಮೈಹೊದಿಕೆಯಾಗುತ್ತದೆ. ಈ ಲೆಕ್ಕವನ್ನು ಒಪ್ಪಲೇಬೇಕು.

ಆದರೆ ಲೆಕ್ಕದ ಎರಡನೆಯ ಪುಟವೂ ಇದೆ. ಹೊಟ್ಟಿನ ಹಲಗೆ ಹೊಟ್ಟಿನ ಹಲಗೆಯಾಗಿಯೇ ಅಂಗಡಿಗೆ ಬರುವುದಿಲ್ಲ, ತೇಗದ ವೇಷ ತೊಟ್ಟು ಬರುತ್ತದೆ. ಅದರಿಂದ ತೇಗದ ಮೇಲಿನ ಆಸೆ ಕಡಿಮೆಯಾಗುವುದಿಲ್ಲ, ಬದಲಿಗೆ ಮನೆಮನೆಗೂ ಹಬ್ಬುತ್ತದೆ. ಇಂದು ಚಿತ್ರ ಕೊಂಡವನು ನಾಳೆ ಕೈಯಲ್ಲಿ ಹಣ ಆಡಿದಾಗ ಅಸಲಿಯನ್ನೇ ಕೇಳುತ್ತಾನೆ. ಮರವೆಂದರೆ ತೇಗ ಮಾತ್ರ, ಅದು ಬಿಟ್ಟರೆ ಬೀಟೆ ಎಂಬ ಪಾಠವನ್ನು ಈ ಹಾಳೆಗಳು ದಿನವೂ ಕಲಿಸುತ್ತವೆ. ಬೀಟೆಯ ಸ್ಥಿತಿಯಾದರೋ ಜಗತ್ತೇ ಚಿಂತಿಸುವ ಮಟ್ಟಕ್ಕೆ ಬಂದಿದೆ. 2017ರ ಜನವರಿ 2ರಿಂದ ಬೀಟೆಯ ಇಡೀ ಕುಲದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿದೆ.

ಮಲೆನಾಡಿನ ಹಿಂದಿನ ಮನೆಗಳಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಮರವಿತ್ತು. ತೊಲೆಗೆ ಮತ್ತಿ, ಬಾಗಿಲಿಗೆ ಹಲಸು, ಕಿಟಕಿ ಚೌಕಟ್ಟಿಗೆ ಹೊನ್ನೆ, ಅಟ್ಟದ ಹಲಗೆಗೆ ಮಾವು. ಬಯಲಿನ ಕಡೆ ನೇಗಿಲು, ಕುಂಟೆಗಳಿಗೆ ಜಾಲಿ. ಹೊಸ ಹಲಸಿನ ಹಲಗೆಯ ಹಳದಿ ಬಣ್ಣ ವರ್ಷ ಕಳೆದಂತೆ ಕಂದಾಗುವುದನ್ನು ಮನೆಯ ಮಕ್ಕಳು ನೋಡುತ್ತಲೇ ಬೆಳೆಯುತ್ತಿದ್ದರು. ಇಂದು ಅಂಗಡಿಯ ಮಾದರಿ ಪುಸ್ತಕ ತೆರೆದರೆ ಸಿಗುವ ಹೆಸರುಗಳು ವಾಲ್‌ನಟ್, ಓಕ್, ವೆಂಗೆ. ವೆಂಗೆ ನಡು ಆಫ್ರಿಕದ ಕಾಡಿನ ಮರ. ಕುಮುದ್ವತಿಯ ದಂಡೆಯ ಹುಡುಗನೊಬ್ಬನಿಗೆ ವೆಂಗೆ ಗೊತ್ತಿದ್ದು ಮತ್ತಿ ಗೊತ್ತಿಲ್ಲವೆಂದರೆ, ಊರ ಹಿಂದಿನ ಗುಡ್ಡದಲ್ಲಿ ಮತ್ತಿ ಮರ ಬಿದ್ದ ದಿನ ಅವನಿಗೆ ಏನೂ ಅನ್ನಿಸದೆ ಹೋಗಬಹುದು. ಹೆಸರು ಗೊತ್ತಿಲ್ಲದ್ದನ್ನು ಕಾಯುವವರು ಕಡಿಮೆ.

ಕುಸನೂರಿನ ಪಾಠ

ಈ ಸೀಮೆಗೆ ಇಂಥ ಭ್ರಮೆಯೊಂದನ್ನು ಗುರುತಿಸಿದ ಅನುಭವ ಹಿಂದೆಯೇ ಇದೆ. 1984ರಲ್ಲಿ ರಾಜ್ಯ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಕಟ್ಟಲು ಒಪ್ಪಿದವು. ನೀಲಗಿರಿಯಂಥ ತಿರುಳುಗಟ್ಟಿಗೆ ಬೆಳೆಯಲು ಹಲವು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು 40 ವರ್ಷಗಳ ಅವಧಿಗೆ ಬಿಟ್ಟುಕೊಡುವುದು ಅದರ ಯೋಜನೆ. ಕಡತದಲ್ಲಿ ಆ ಭೂಮಿ ಬಂಜರಾಗಿತ್ತು. ಹಳ್ಳಿಯವರಿಗೆ ಅದು ದನದ ಮೇವು, ಒಲೆಯ ಕಟ್ಟಿಗೆ, ನೇಗಿಲಿನ ಮರ, ಔಷಧಿಯ ಬೇರು. ಬೆಳೆದ ನೀಲಗಿರಿ ಹೋಗಬೇಕಾಗಿದ್ದುದು ರೇಯಾನ್ ನಾರಿನ ತಿರುಳಿಗೆ. ರೇಯಾನ್ ಜಗತ್ತಿಗೆ ಮೊದಲು ಪರಿಚಯವಾದದ್ದೇ ಕೃತಕ ರೇಷ್ಮೆ ಎಂಬ ಹೆಸರಿನಲ್ಲಿ. ಹೀಗೆ ಒಂದು ಅನುಕರಣೆಯ ವಸ್ತುವಿಗಾಗಿ ಮತ್ತೊಂದು ಅನುಕರಣೆ, ಅಂದರೆ ಕಾಡಿನ ಅನುಕರಣೆ, ನೆಲದ ಮೇಲೆ ಎದ್ದು ನಿಲ್ಲಬೇಕಾಗಿತ್ತು.

1987ರ ನವೆಂಬರ್ 14ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿದರು. ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಉಪಯೋಗವಾಗುವ ಗಿಡಗಳನ್ನು ಹಚ್ಚಿದರು. ಶಿವರಾಮ ಕಾರಂತರಂಥವರು ಈ ಯೋಜನೆಯ ವಿರುದ್ಧ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಕೊನೆಗೆ 1991ರಲ್ಲಿ ಆ ಸಂಸ್ಥೆಯನ್ನೇ ಮುಚ್ಚಲಾಯಿತು.

ಕುಸನೂರಿನ ರೈತರು ಯಾವ ಪ್ರಯೋಗಾಲಯಕ್ಕೂ ಹೋಗದೆ ಕಂಡುಕೊಂಡ ಸತ್ಯವೆಂದರೆ ಹಸಿರಾಗಿರುವುದೆಲ್ಲ ಕಾಡಲ್ಲ. ದೂರದಿಂದ ನೋಡಿದರೆ ನೀಲಗಿರಿಯ ತೋಪೂ ಹಸಿರು. ಒಳಗೆ ಹೋದರೆ ಮೇವಿಲ್ಲ, ಹಣ್ಣಿಲ್ಲ, ಹಕ್ಕಿಯ ಗದ್ದಲವಿಲ್ಲ. ಸಾಲುಸಾಲಾಗಿ ನಿಂತ ಒಂದೇ ವಯಸ್ಸಿನ, ಒಂದೇ ಜಾತಿಯ ಕಾಂಡಗಳು. ಲ್ಯಾಮಿನೇಟ್ ಹಾಳೆಯ ಮೇಲೆ ಒಂದೇ ಗಂಟು ಮತ್ತೆ ಮತ್ತೆ ಬರುವಂತೆ, ನೆಡುತೋಪಿನಲ್ಲಿಯೂ ಒಂದೇ ಮರ ಮತ್ತೆ ಮತ್ತೆ ಬರುತ್ತದೆ. ಮೇಲ್ಮೈಯನ್ನು ನೋಡಿ ತೃಪ್ತನಾಗುವ ಕಣ್ಣು ಎರಡೂ ಕಡೆ ಮೋಸಹೋಗುತ್ತದೆ.

ಮನೆಯೊಳಗಿನ ಬೆಲೆ

ಇನ್ನು ಮನೆಯೊಳಕ್ಕೆ ಬಂದರೆ ಮೊದಲನೆಯ ಮಾತು ಆರೋಗ್ಯದ್ದು. ಅಗ್ಗದ ಹಲಗೆಗಳಲ್ಲಿ ಹೊಟ್ಟನ್ನು ಹಿಡಿದಿಡುವ ಅಂಟು ಹೆಚ್ಚಾಗಿ ಯೂರಿಯಾ-ಫಾರ್ಮಾಲ್ಡಿಹೈಡ್. ಅದರಿಂದ ಫಾರ್ಮಾಲ್ಡಿಹೈಡ್ ಅನಿಲ ನಿಧಾನವಾಗಿ ಹೊರಬರುತ್ತದೆ. ಸೆಕೆ ಮತ್ತು ತೇವ ಹೆಚ್ಚಾದಂತೆ ಅದೂ ಹೆಚ್ಚುತ್ತದೆ. ಕಣ್ಣುರಿ, ಗಂಟಲುರಿ ಅದರ ಸಾಮಾನ್ಯ ಪರಿಣಾಮಗಳು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ ಸೇರಿಸಿತು. ಮದುವೆಯ ಹೊಸ ಕಪಾಟನ್ನು ಕಿಟಕಿಯಿಲ್ಲದ ಕೋಣೆಯಲ್ಲಿಟ್ಟು ಬಾಗಿಲು ಮುಚ್ಚಿ ಮಲಗುವುದು ಒಳ್ಳೆಯದಲ್ಲ. ಕೆಲವು ವಾರ ಗಾಳಿಯಾಡುವಂತೆ ತೆರೆದಿಡುವುದು ಲೇಸು.

ಎರಡನೆಯದು ಆಯಸ್ಸಿನ ಮಾತು. ಮಲೆನಾಡಿನ ಮಳೆಗಾಲದ ತೇವವನ್ನು ಹೊಟ್ಟಿನ ಹಲಗೆ ತಡೆಯಲಾರದು. ಒಮ್ಮೆ ಉಬ್ಬಿದ ಹಲಗೆ ಮತ್ತೆ ಕೂರುವುದಿಲ್ಲ, ಒಮ್ಮೆ ಸಡಿಲಾದ ಸ್ಕ್ರೂ ಮತ್ತೆ ಹಿಡಿಯುವುದಿಲ್ಲ. ಮರದ ಮಂಚದ ಕಾಲು ಮುರಿದರೆ ಬಡಿಗೇರನು ಹೊಸ ಕಾಲು ಕೂಡಿಸುತ್ತಾನೆ, ಅಜ್ಜನ ಮಂಚ ಮೊಮ್ಮಗನಿಗೆ ಬರುತ್ತದೆ. ಹೊಟ್ಟಿನ ಮಂಚಕ್ಕೆ ಮೊಮ್ಮಗನನ್ನು ಕಾಣುವ ಯೋಗವಿಲ್ಲ. ಮರ ಕೊನೆಗೆ ಒಲೆಗೆ ಹೋದರೂ ಅದರ ಬೂದಿ ತಿಪ್ಪೆಗೆ ಗೊಬ್ಬರ. ಲ್ಯಾಮಿನೇಟ್ ಹಲಗೆಯ ತುಂಡುಗಳನ್ನು ಬಚ್ಚಲೊಲೆಗೆ ತುರುಕಿದರೆ ರಾಳ ಸುಟ್ಟ ವಿಷದ ಹೊಗೆ ಏಳುತ್ತದೆ. ಆ ಹೊಗೆಯ ಮುಂದೆ ಕೂರುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು.

ಮೂರನೆಯದು ಕಸುಬಿನ ಮಾತು. ಕಣದಲ್ಲಿ ಆಯ ಪಡೆದು ವರ್ಷವಿಡೀ ಕೂರಿಗೆ, ಕುಂಟೆ, ಬಂಡಿ ಮಾಡಿಕೊಡುತ್ತಿದ್ದ ಬಡಿಗೇರ ಮನೆತನಗಳು ಮರದ ಎಳೆಯನ್ನು ಬೆರಳಿನಿಂದ ಓದಬಲ್ಲವಾಗಿದ್ದವು. ಉಳಿ, ಬಾಚಿ, ತೋಪಡ ಹಿಡಿದ ಆ ಕೈಗಳಿಗೆ ಈಗ ಸಿಗುವುದು ಹಾಳೆ ಕತ್ತರಿಸಿ ಅಂಟಿಸುವ ಕೆಲಸ. ಇನ್ನೊಂದು ಕಡೆ, ಹಳೆಯ ಮನೆ ಕೆಡವಿದಾಗ ಸಿಗುವ ಕಂಬ, ತೊಲೆ, ಬಾಗಿಲುಗಳನ್ನು ವ್ಯಾಪಾರಿಗಳು ಕೊಂಡು ನಗರಗಳಿಗೆ, ರೆಸಾರ್ಟುಗಳಿಗೆ ಸಾಗಿಸುತ್ತಾರೆ. ನೂರು ಮಳೆಗಾಲ ಕಂಡ ಅಸಲಿ ಮರ ಊರು ಬಿಟ್ಟು ಹೋಗುತ್ತದೆ. ಅದು ಹೋದ ದಾರಿಯಲ್ಲಿಯೇ ಮರದ ಚಿತ್ರ ಊರಿಗೆ ಬರುತ್ತದೆ, ಅದೂ ಕಂತಿನ ಸಾಲದ ಮೇಲೆ. ಈ ವಿನಿಮಯದಲ್ಲಿ ಗೆದ್ದವರು ಯಾರೆಂದು ಹಳ್ಳಿಯ ಯಾವ ಲೆಕ್ಕಿಗನೂ ಹೇಳಬಲ್ಲ.

ಕೇಳಬೇಕಾದ ಪ್ರಶ್ನೆಗಳು

ಪರಿಹಾರವೆಂದರೆ ಎಲ್ಲರೂ ತೇಗಕ್ಕೆ ಮರಳುವುದಲ್ಲ. ಬಡವನ ಮನೆಗೆ ಅಗ್ಗದ ಕಪಾಟು ಬೇಕು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಬೇಕಾಗಿರುವುದು ಕೊಳ್ಳುವವನಿಗೆ ತಾನು ಕೊಳ್ಳುತ್ತಿರುವುದು ಏನೆಂಬ ತಿಳಿವಳಿಕೆ.

ಅದಕ್ಕೆ ದೊಡ್ಡ ಉಪಕರಣಗಳೇನೂ ಬೇಡ. ಹಲಗೆಯ ಅಂಚನ್ನೂ ಹಿಂಬದಿಯನ್ನೂ ನೋಡಬೇಕು. ನಿಜವಾದ ಮರದಲ್ಲಿ ಮೇಲ್ಮೈಯ ಎಳೆ ಅಂಚಿನಲ್ಲಿ ತಿರುಗಿ ಕೊನೆಯಲ್ಲಿ ವರ್ಷಸುತ್ತುಗಳ ಗುರುತಾಗಿ ಮುಂದುವರಿಯುತ್ತದೆ, ಚಿತ್ರದ ಎಳೆ ಅಂಚಿಗೆ ಬಂದು ತುಂಡಾಗುತ್ತದೆ. ಒಂದೇ ಆಕಾರದ ಗಂಟು ಎರಡು ಕಡೆ ಕಂಡರೆ ಅದು ಮುದ್ರಣ. ಬಿಜಾಗರಿ ಬಿಗಿದ ರಂಧ್ರದಲ್ಲಿ ಹುಡಿ ಉದುರಿದರೆ ಒಳಗೆ ಹೊಟ್ಟು. ಪ್ಲೈವುಡ್ ಆದರೆ ಐ.ಎಸ್. 303 ಅಥವಾ ನೀರು ತಡೆಯುವ ಐ.ಎಸ್. 710, ಪಾರ್ಟಿಕಲ್ ಬೋರ್ಡ್ ಆದರೆ ಐ.ಎಸ್. 3087, ಎಂ.ಡಿ.ಎಫ್. ಆದರೆ ಐ.ಎಸ್. 12406, ಲ್ಯಾಮಿನೇಟ್ ಆದರೆ ಐ.ಎಸ್. 2046, ಈ ಗುರುತುಗಳಲ್ಲಿ ಯಾವುದಿದೆ ಎಂದು ಕೇಳುವುದು ಗ್ರಾಹಕನ ಹಕ್ಕು. ಬಿಲ್ಲಿನಲ್ಲಿ ‘ತೇಗದ ಕಪಾಟು’ ಎಂದು ಬರೆಯುವ ಬದಲು ಒಳಗಿನ ಹಲಗೆಯ ಹೆಸರು ಬರೆದುಕೊಡಿ ಎಂದು ಒತ್ತಾಯಿಸಿದರೆ ಅರ್ಧ ಭ್ರಮೆ ಅಲ್ಲಿಯೇ ಇಳಿಯುತ್ತದೆ.

ಶಾಲೆಗಳು ಮಾಡಬಹುದಾದ ಕೆಲಸವೂ ಒಂದಿದೆ. ಊರಿನ ಬಡಿಗೇರರನ್ನು ಕರೆದು, ಸುತ್ತಲಿನ ಇಪ್ಪತ್ತು ಬಗೆಯ ಕಟ್ಟಿಗೆಯ ತುಂಡುಗಳನ್ನು ಸಂಗ್ರಹಿಸಿ, ಹೆಸರು ಬರೆದು ಒಂದು ಪೆಟ್ಟಿಗೆಯಲ್ಲಿ ಇಡಬಹುದು. ಬಿದ್ದ ಕೊಂಬೆ, ಹಳೆಯ ಕಿಟಕಿ, ಮುರಿದ ನೇಗಿಲು ಅದಕ್ಕೆ ಸಾಕು, ಯಾವ ಮರವನ್ನೂ ಕಡಿಯಬೇಕಾಗಿಲ್ಲ. ಕಣ್ಣುಮುಚ್ಚಿ ಮೂಸಿ, ಮುಟ್ಟಿ, ತೂಗಿ ಮರವನ್ನು ಗುರುತಿಸುವ ಆಟ ಆಡಿದ ಮಕ್ಕಳು ಮುದ್ರಿಸಿದ ಕಾಗದಕ್ಕೆ ಬೇಗ ಮರುಳಾಗುವುದಿಲ್ಲ. ಗ್ರಾಮ ಪಂಚಾಯಿತಿಗಳು ಶಾಲೆ, ಅಂಗನವಾಡಿಗಳಿಗೆ ಮೇಜು ಬೆಂಚು ಕೊಳ್ಳುವಾಗ ರೈತರ ಹೊಲದ ಬದುವಿನ ಮರಕ್ಕೂ, ಊರ ಬಡಿಗೇರರಿಗೂ ಮೊದಲ ಅವಕಾಶ ಕೊಟ್ಟರೆ ಬದುವಿನಲ್ಲಿ ಹಲಸು, ಹೆಬ್ಬೇವು, ಹೊನ್ನೆ ಹಚ್ಚುವುದಕ್ಕೆ ರೈತನಿಗೂ ಕಾರಣ ಸಿಗುತ್ತದೆ. ತಯಾರಕರೂ ವಿನ್ಯಾಸಕಾರರೂ ಸಿಲ್ವರ್ ಓಕಿನ ಮೇಜನ್ನು ಸಿಲ್ವರ್ ಓಕ್ ಎಂದೇ, ಕಬ್ಬಿನ ಸಿಪ್ಪೆಯ ಹಲಗೆಯನ್ನು ಕಬ್ಬಿನ ಸಿಪ್ಪೆ ಎಂದೇ ಮುಖ ತೋರಿಸಿ ಮಾರುವ ಧೈರ್ಯ ಮಾಡಬೇಕು. ಅವುಗಳ ಸ್ವಂತ ಮುಖಕ್ಕೂ ಚೆಲುವಿದೆ.

‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂದು ಹಿರಿಯರು ಮಕ್ಕಳಿಗೆ ಕಲಿಸಿದ್ದು ಬರಿಯ ಹಾಲು ಕೊಳ್ಳುವುದಕ್ಕಾಗಿ ಅಲ್ಲ. ಕುಸನೂರಿನಲ್ಲಿ ಹಸಿರಿನ ಒಳಗನ್ನು ನೋಡಿದ ಜನರ ಮಕ್ಕಳು, ಮೊಮ್ಮಕ್ಕಳು ಈಗ ಮದುವೆಗೆ ಕಪಾಟು ಕೊಳ್ಳುವ ವಯಸ್ಸಿನಲ್ಲಿದ್ದಾರೆ. ಅಂಗಡಿಯಲ್ಲಿ ಕಪಾಟಿನ ಹೊಳಪನ್ನು ಮೆಚ್ಚುವ ಮೊದಲು ಅವರು ಅದರ ಬೆನ್ನನ್ನೊಮ್ಮೆ ತಿರುಗಿಸಿ ನೋಡಲಿ.